ಸಿಗ್ನಲ್‌ ಮಗುವಿನ ಹಿಂದೆ ಒಬ್ಬ ತಾಯಿ

ಮೇಖ್ರಿ ವೃತ್ತವಿರಲಿ, ಸಿಲ್ಕ್ ಬೋರ್ಡ್ ಇರಲಿ, ಕೆಂಪು ದೀಪ ಹತ್ತಿದ್ದೇ ತಡ ಡಿವೈಡರ್ ಮೇಲಿಂದ ಮಕ್ಕಳು ಇಳಿಯುತ್ತಾರೆ. ಒಬ್ಬಳ ಕೈಯಲ್ಲಿ ಪೆನ್ನಿನ ಕಟ್ಟು, ಒಬ್ಬನ ಕೈಯಲ್ಲಿ ಗಾಜು ಒರೆಸುವ ಬಟ್ಟೆ. ಅವರಿಗಿಂತ ಚಿಕ್ಕದಕ್ಕೆ ಮಾರಲು ಏನೂ ಇಲ್ಲ. ಹೊಟ್ಟೆ ಮುಟ್ಟಿ, ಬಾಯಿ ತೋರಿಸಿ ಕೈ ಚಾಚುತ್ತದೆ. ಅಷ್ಟೇ ಬೇಗ ಕಾರಿನೊಳಗೆ ವಾದ ಏಳುತ್ತದೆ. ‘ಕೊಡಬೇಡಿ, ಕೊಟ್ಟೂ ಕೊಟ್ಟೂ ಇವರು ಹೀಗಾಗಿರೋದು’ ಎಂದು ಒಬ್ಬರು. ‘ಹತ್ತು ರೂಪಾಯಿಗೆ ನಮ್ಮ ಗಂಟೇನು ಹೋಗುತ್ತೆ’ ಎಂದು ಇನ್ನೊಬ್ಬರು. ಹಸಿರು ದೀಪ ಬರುತ್ತದೆ, ಗಾಡಿ ಹೊರಡುತ್ತದೆ, ಮಾತು ಬೇರೆ ಕಡೆ ತಿರುಗುತ್ತದೆ.

ದುಡ್ಡು ಕೊಡಬಾರದು ಎಂಬುದೇ ನನ್ನ ನಿಲುವು. ಆದರೆ ಕೊಡದೆ ಗಾಜು ಏರಿಸಿದವರ ಹೊಣೆ ಅಲ್ಲಿಗೆ ಮುಗಿಯಿತು ಎಂಬುದನ್ನು ಮಾತ್ರ ಒಪ್ಪಲಾರೆ.

ಯಾಕೆ ಕೊಡಬಾರದು ಎಂಬುದಕ್ಕೆ ಕಾರಣ ಮಗುವಿನ ವಯಸ್ಸಿನಲ್ಲಿದೆ. ಕಂಕುಳಲ್ಲಿರುವ ಕೂಸನ್ನು ನೋಡಿದರೆ ಯಾರ ಕೈಯೂ ಜೇಬಿಗೆ ಹೋಗುತ್ತದೆ. ಐದಾರು ವರ್ಷದ ಮಗುವಿಗೂ ಜನ ಕರಗುತ್ತಾರೆ. ಅದೇ ಹುಡುಗನಿಗೆ ಹನ್ನೆರಡು ತುಂಬಿ ದನಿ ಒಡೆಯುವ ಹೊತ್ತಿಗೆ ‘ದುಡಿದು ತಿನ್ನೋಕೇನು ರೋಗ’ ಎಂಬ ಬೈಗುಳ ಬೀಳುತ್ತದೆ. ಅಂದರೆ ಒಂದನೇ ತರಗತಿಗೆ ಸೇರಬೇಕಾದ ವಯಸ್ಸಿನಲ್ಲೇ ರಸ್ತೆಯ ಗಳಿಕೆ ಹೆಚ್ಚು. ಆ ಗಳಿಕೆ ನಿಲ್ಲುವಾಗ ಶಾಲೆ ಅವನನ್ನು ದಾಟಿ ಬಹಳ ಮುಂದೆ ಹೋಗಿರುತ್ತದೆ. ಆಮೇಲೆ ಅವನಿಗೆ ಉಳಿಯುವುದು ಚಿಂದಿ ಆಯುವುದು, ಹೋಟೆಲಿನಲ್ಲಿ ತಟ್ಟೆ ಎತ್ತುವುದು, ಚಳಿ ಹಸಿವು ಮರೆಯಲು ಪಂಕ್ಚರ್ ಸೊಲ್ಯೂಷನ್ ಮೂಸುವುದು. ಹುಡುಗಿಯಾದರೆ ತಮ್ಮನನ್ನೋ ತಂಗಿಯನ್ನೋ ಸೊಂಟಕ್ಕೇರಿಸಿಕೊಂಡೇ ಬೆಳೆದು, ಬೇಗ ಮದುವೆಯಾಗಿ, ಕೆಲವೇ ವರ್ಷಗಳಲ್ಲಿ ತನ್ನದೇ ಕೂಸಿನೊಂದಿಗೆ ರಸ್ತೆಗೆ ಬರುತ್ತಾಳೆ. ನಮ್ಮ ಹತ್ತು ರೂಪಾಯಿ ಆ ಮಗುವನ್ನು ತಪ್ಪಾದ ವಯಸ್ಸಿನಲ್ಲಿ ತಪ್ಪಾದ ಜಾಗದಲ್ಲಿ ನಿಲ್ಲಿಸಿಕೊಳ್ಳುತ್ತದೆ.

ಈ ಮಕ್ಕಳೆಲ್ಲ ಒಂದೇ ಬಗೆಯವರಲ್ಲ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಇವರನ್ನು ಮೂರಾಗಿ ನೋಡುತ್ತದೆ: ಯಾರೂ ಇಲ್ಲದೆ ಬೀದಿಯಲ್ಲಿ ಒಂಟಿಯಾಗಿರುವವರು, ಹಗಲೆಲ್ಲ ಬೀದಿಯಲ್ಲಿದ್ದು ರಾತ್ರಿ ಕೊಳೆಗೇರಿಯ ಮನೆಗೆ ಮರಳುವವರು, ಅಪ್ಪ ಅಮ್ಮನ ಜೊತೆಯೇ ಬೀದಿಯಲ್ಲಿ ಸಂಸಾರ ಹೂಡಿರುವವರು. ಬೆಂಗಳೂರಿನಲ್ಲಿ ಮೊದಲ ಗುಂಪನ್ನು ಹುಡುಕಬೇಕಾದ್ದು ಮೆಜೆಸ್ಟಿಕ್ಕಿನ ರೈಲು ನಿಲ್ದಾಣದಲ್ಲಿ. ಪರೀಕ್ಷೆಯಲ್ಲಿ ಫೇಲಾಗಿ, ಮಲತಂದೆಯ ಏಟು ತಾಳದೆ, ಸುಮ್ಮನೆ ಊರು ನೋಡುವ ಆಸೆಗೆ ರೈಲು ಹತ್ತಿ ಬಂದವರು ಅಲ್ಲಿ ಇಳಿಯುತ್ತಾರೆ. ಇಳಿದ ಮೊದಲ ಕೆಲವು ಗಂಟೆಗಳಲ್ಲಿ ಒಳ್ಳೆಯವರು ಸಿಗಬೇಕು. ತಡವಾದರೆ ಬೇರೆಯವರು ಸಿಗುತ್ತಾರೆ. 1980ರಲ್ಲಿ ಶುರುವಾದ ಬಾಸ್ಕೊ, ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟ, ಮತ್ತು ರಾಯಚೂರಿನಲ್ಲಿ ಹುಟ್ಟಿದ ಸಾಥಿ ಸಂಸ್ಥೆ ಪ್ಲಾಟ್‌ಫಾರಂಗಳಲ್ಲೇ ಕಾದು ಇಂಥ ಮಕ್ಕಳನ್ನು ಮನೆ ಸೇರಿಸುವ ಕೆಲಸವನ್ನು ದಶಕಗಳಿಂದ ಮಾಡಿಕೊಂಡು ಬಂದಿವೆ. ಸಿಗ್ನಲ್ಲಿನಲ್ಲಿ ಕಾಣುವವರಾದರೋ ಬಹುಮಟ್ಟಿಗೆ ಉಳಿದೆರಡು ಗುಂಪಿನವರು. ಅವರಿಗೆ ಮನೆಯವರಿದ್ದಾರೆ. ಆ ಮನೆಯವರಲ್ಲಿ ಎಷ್ಟೋ ಮಂದಿಗೆ ಮನೆ ಇಲ್ಲ.

ಇಲ್ಲಿ ಒಂದು ನಂಬಿಕೆಯನ್ನು ಕೆಣಕಬೇಕಾಗಿದೆ. ‘ಇದೆಲ್ಲ ಮಾಫಿಯಾ, ಬಾಡಿಗೆ ಕೂಸು, ಕೈಕಾಲು ಮುರಿದು ಕೂರಿಸುತ್ತಾರೆ’ ಎಂದು ನಾವು ಸಿನಿಮಾ ನೋಡಿ ಕಲಿತಿದ್ದೇವೆ. ಅಂಥ ಪಾತಕ ಇಲ್ಲವೆಂದಲ್ಲ. ಇರುವುದರಿಂದಲೇ 2015ರ ಬಾಲನ್ಯಾಯ ಕಾಯ್ದೆಯ 76ನೇ ಸೆಕ್ಷನ್ ಮಗುವನ್ನು ಭಿಕ್ಷೆಗೆ ಹಚ್ಚಿದವರಿಗೆ 5 ವರ್ಷದವರೆಗೆ ಸೆರೆ, ಅದಕ್ಕಾಗಿ ಅಂಗ ಊನ ಮಾಡಿದವರಿಗೆ 7ರಿಂದ 10 ವರ್ಷ ಕಠಿಣ ಸೆರೆ ಹೇಳುತ್ತದೆ. 2025ರ ಜುಲೈನಲ್ಲಿ ಪಂಜಾಬ್ ಸರ್ಕಾರ, ಅನುಮಾನ ಬಂದ ಕಡೆ ಮಗು ಮತ್ತು ಜೊತೆಗಿರುವ ದೊಡ್ಡವರ ಡಿಎನ್‌ಎ ಪರೀಕ್ಷೆ ಮಾಡಿಸಲು ಆದೇಶಿಸಿತು. ಕೂಸು ಹಗಲಿಡೀ ಕಣ್ಣೇ ಬಿಡದೆ ಮಲಗಿದ್ದರೆ, ದಿನಕ್ಕೊಬ್ಬಳು ಅದೇ ಕೂಸನ್ನು ಹೊತ್ತು ಬರುತ್ತಿದ್ದರೆ ಅನುಮಾನಿಸಲೇಬೇಕು. ಆದರೆ ಕಂಡ ಪ್ರತಿ ಮಗುವಿನ ಹಿಂದೆಯೂ ಮಾಫಿಯಾ ಕಂಡರೆ ನಮಗೊಂದು ಅನುಕೂಲವಾಗುತ್ತದೆ: ಬಡತನ ಕಣ್ಣಿಗೆ ಬೀಳುವುದಿಲ್ಲ, ಎಲ್ಲವೂ ಪೊಲೀಸರ ಕೆಲಸವಾಗಿಬಿಡುತ್ತದೆ.

ಪೊಲೀಸರ ಕೆಲಸ ಹೇಗೆ ನಡೆಯುತ್ತದೆ? ವರ್ಷಕ್ಕೊಂದೆರಡು ಸಲ ಕಾರ್ಯಾಚರಣೆ. ವ್ಯಾನ್ ಬರುತ್ತದೆ, ತಾಯಂದಿರು ಒಂದು ಕಡೆ ಓಡುತ್ತಾರೆ, ಮಕ್ಕಳು ಇನ್ನೊಂದು ಕಡೆ. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಕಾಯ್ದೆಯ ಕಣ್ಣಲ್ಲಿ ಭಿಕ್ಷೆ ಬೇಡುವ ಮಗು ಅಪರಾಧಿಯಲ್ಲ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು. ಅಲ್ಲಿಂದ ಬಾಲಮಂದಿರ. ಗೇಟಿನ ಹೊರಗೆ ತಾಯಿ ಆಧಾರ್ ಕಾರ್ಡ್ ಹಿಡಿದು, ಇಲ್ಲದಿದ್ದರೆ ಬರಿಗೈಯಲ್ಲಿ ಕಾಯುತ್ತಾಳೆ. ‘ಇನ್ನು ಮುಂದೆ ಭಿಕ್ಷೆಗೆ ಕಳಿಸುವುದಿಲ್ಲ’ ಎಂದು ಮುಚ್ಚಳಿಕೆ ಬರೆಸಿಕೊಂಡು ಮಗುವನ್ನು ಒಪ್ಪಿಸುತ್ತಾರೆ. ಅವಳು ಹೆಬ್ಬೆಟ್ಟು ಒತ್ತಿ ಹೊರಬಂದಾಗ ಕೈಯಲ್ಲಿ ಕೆಲಸವಿಲ್ಲ, ತಲೆಯ ಮೇಲೆ ಸೂರಿಲ್ಲ. ಮರುವಾರ ಬೇರೆ ಸಿಗ್ನಲ್. ಪತ್ರಿಕೆಯಲ್ಲಿ ‘ಮಕ್ಕಳ ರಕ್ಷಣೆ’ ಎಂದು ಫೋಟೊ ಬಂದಿರುತ್ತದೆ.

ದೊಡ್ಡವರ ವಿಷಯಕ್ಕೆ ಬಂದರೆ ನಮ್ಮ ರಾಜ್ಯದ ಕಾನೂನು ಇನ್ನೂ ಹಳೆಯ ದಾರಿಯಲ್ಲೇ ಇದೆ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರದು. ಅದರಡಿ ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಕರವನ್ನು ನಾವೆಲ್ಲ ಕಟ್ಟುತ್ತಲೇ ಇದ್ದೇವೆ. ಆ ಹಣವನ್ನು ಪಾಲಿಕೆ ಸಕಾಲಕ್ಕೆ ದಾಟಿಸದೆ ಬಾಕಿ ಉಳಿಸಿಕೊಂಡಿದೆ ಎಂಬ ದೂರು ಮತ್ತೆ ಮತ್ತೆ ಕೇಳಿಬಂದಿದೆ. ಆ ಕಾಯ್ದೆಯಡಿ ಹಿಡಿದವರನ್ನು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯುತ್ತಾರೆ. 2010ರ ಆಗಸ್ಟ್‌ನಲ್ಲಿ ಅಲ್ಲಿ ಸಾಲುಸಾಲಾಗಿ ಸಾವುಗಳಾದವು. ಆಗಿನ ಸಮಾಜ ಕಲ್ಯಾಣ ಸಚಿವರು ಆ ಖಾತೆ ಬಿಡಬೇಕಾಯಿತು. 2018ರಲ್ಲಿ ದೆಹಲಿ ಹೈಕೋರ್ಟ್ ಅಲ್ಲಿ ಜಾರಿಯಲ್ಲಿದ್ದ ಇಂಥದೇ ಕಾನೂನಿನ ಮುಖ್ಯ ಕಲಮುಗಳನ್ನು ರದ್ದುಮಾಡಿತು. 2021ರಲ್ಲಿ ಸುಪ್ರೀಂ ಕೋರ್ಟ್, ಸಿಗ್ನಲ್ಲಿನಿಂದ ಭಿಕ್ಷುಕರನ್ನು ತೆರವು ಮಾಡಿಸಬೇಕೆಂಬ ಕೋರಿಕೆಗೆ ಉಳ್ಳವರ ಕಣ್ಣಿಂದ ಇದನ್ನು ನೋಡಲಾಗದು ಎಂದಿತು. ಇಷ್ಟಾದರೂ 2025ರ ಜನವರಿ 1ರಿಂದ ಇಂದೋರ್ ಆಡಳಿತ ಭಿಕ್ಷೆ ಕೊಟ್ಟವರ ಮೇಲೇ ಎಫ್‌ಐಆರ್ ಹಾಕುವುದಾಗಿ ಸಾರಿತು. ರಸ್ತೆ ಚೊಕ್ಕಟವಾಗಬಹುದು. ಆ ಮಗು ಎಲ್ಲಿಗೆ ಹೋಯಿತು ಎಂದು ಕೇಳುವವರಾರು?

ಇನ್ನೊಂದು ಸೂಕ್ಷ್ಮವೂ ಇದೆ. ಕೋಲೆಬಸವ, ದುರ್ಗಮುರ್ಗಿ, ಬುಡ್ಗ ಜಂಗಮ, ಸುಡುಗಾಡು ಸಿದ್ಧರಂಥ ಅಲೆಮಾರಿ ಸಮುದಾಯಗಳಿಗೆ ಊರೂರು ತಿರುಗಿ ಹಾಡಿ, ಕುಣಿದು, ಶಕುನ ಹೇಳಿ ಕಾಳುಕಡಿ ಪಡೆಯುವುದು ತಲೆಮಾರುಗಳ ಕಸುಬು. ಊರಿನ ಜನ ಕಣ ಮಾಡುವಾಗ ಅವರ ಪಾಲು ಎತ್ತಿಡುತ್ತಿದ್ದರು. ಸುಗ್ಗಿ ಯಂತ್ರದ ಪಾಲಾಗಿ, ಮನೆಮನೆಗೆ ಟಿ.ವಿ. ಬಂದಮೇಲೆ ಆ ಪಾಲು ಹೋಯಿತು. ಊರಿನಲ್ಲಿ ಮರ್ಯಾದೆಯಿಂದ ಬೇಡಿದವರು ನಗರದಲ್ಲಿ ಬೇಡಿದರೆ ವ್ಯಾನ್ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ನನ್ನ ಮಟ್ಟಿಗೆ ಎಲ್ಲದರ ತಿರುಳು ತಾಯಿಯ ಬೆಳಗಿನ ಹೊತ್ತಿನಲ್ಲಿದೆ. ಕಟ್ಟಡದ ಕೆಲಸಕ್ಕೋ ಮನೆಗೆಲಸಕ್ಕೋ ಹೋಗಬೇಕಾದರೆ ಕೂಸನ್ನು ಎಲ್ಲಿ ಬಿಡಬೇಕು? 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ ಘೋಷಿಸಿತು. ಅಂಥದೊಂದು ಫ್ಲೈಓವರ್ ಪಕ್ಕದಲ್ಲಿ ಬೆಳಗ್ಗೆ ಏಳಕ್ಕೇ ಬಾಗಿಲು ತೆರೆದರೆ ಕೂಸು ಕಂಕುಳಿಂದ ಇಳಿಯುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿಗೆ ರೇಷನ್ ಕಾರ್ಡ್ ಬೇಕು. ವಿಳಾಸವಿಲ್ಲದವಳಿಗೆ ಕಾರ್ಡ್ ಕೊಡಿಸುವುದೇ ದೊಡ್ಡ ಸಾಹಸ. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಮಗುವನ್ನು ಮನೆಯವರ ಬಳಿಯೇ ಇಟ್ಟು ಓದಿಸಲು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ಅವಕಾಶವಿದೆ. ಮುಚ್ಚಳಿಕೆ ಬರೆಸಿಕೊಳ್ಳುವ ದಿನವೇ ಆ ಅರ್ಜಿಯನ್ನೂ ತುಂಬಿಸಿಕೊಂಡರೆ ಮುಚ್ಚಳಿಕೆಗೊಂದು ಅರ್ಥ ಬರುತ್ತದೆ. ಇನ್ನು ಶಾಲೆ: ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಖಡಾಖಂಡಿತವಾಗಿ ಹೇಳುತ್ತದೆ. ಒಂಬತ್ತು ವರ್ಷದವನನ್ನು ಅವನ ವಯಸ್ಸಿನ ತರಗತಿಗೇ ಸೇರಿಸಿ, ಸರಿದೂಗಲು ವಿಶೇಷ ತರಬೇತಿ ಕೊಡಬೇಕು. ಟೆಂಟ್ ಕಿತ್ತುಕೊಂಡು ಹೋಗುವ ಸಂಸಾರದ ಮಗುವಿಗೆ ಈ ತರಬೇತಿ ಅರ್ಧಕ್ಕೇ ನಿಲ್ಲುತ್ತದೆ ಎಂಬುದೂ ನಿಜ. ಅದಕ್ಕೇ ಮಗುವಿನ ಹಿಂದೆ ಕಡತ ಓಡಬೇಕು, ಜಿಲ್ಲೆಯಿಂದ ಜಿಲ್ಲೆಗೆ.

ನಮ್ಮ ಪಾಲಿಗಿರುವುದು 1098. ಮುಂಬೈಯಲ್ಲಿ 1996ರಲ್ಲಿ ಶುರುವಾದ ಈ ಮಕ್ಕಳ ಸಹಾಯವಾಣಿ ಈಗ ಸರ್ಕಾರದ ಕೈಯಲ್ಲಿದೆ. ಹಗಲು ರಾತ್ರಿ ಉಚಿತ. ಕರೆ ಮಾಡುವಾಗ ‘ಸಿಗ್ನಲ್ಲಿನಲ್ಲಿ ಮಕ್ಕಳಿದ್ದಾರೆ’ ಎಂದಷ್ಟೇ ಹೇಳಿದರೆ ಬಂದವರಿಗೆ ಯಾರೂ ಸಿಗುವುದಿಲ್ಲ. ಯಾವ ವೃತ್ತ, ಯಾವ ಕಡೆಯ ರಸ್ತೆ, ಎಷ್ಟು ಮಕ್ಕಳು, ಸುಮಾರು ಯಾವ ವಯಸ್ಸು, ಜೊತೆಗೆ ದೊಡ್ಡವರು ಯಾರು, ರಾತ್ರಿ ಅವರು ಎಲ್ಲಿ ಮಲಗುತ್ತಾರೆ ಎಂಬುದನ್ನು ಹೇಳಿ. ಮಗುವಿನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಬೇಡಿ. ಇಂಥ ಮಗುವಿನ ಗುರುತು ಬಹಿರಂಗಪಡಿಸುವುದು ಕಾನೂನಿಗೆ ವಿರುದ್ಧ. ದಿನವೂ ಅದೇ ದಾರಿಯಲ್ಲಿ ಓಡಾಡುವವರಾದರೆ ಗಾಜಿಳಿಸಿ ಹೆಸರು ಕೇಳಿ, ತಾಯಿಯನ್ನು ಮಾತನಾಡಿಸಿ, ‘ಎಲ್ಲಿಂದ ಬಂದಿರಮ್ಮ’ ಎಂದು ಕೇಳಿ. ತಿಂಗಳ ನಂತರವೂ ಮಗು ಅಲ್ಲೇ ನಿಂತಿದ್ದರೆ ಮತ್ತೆ ಕರೆ ಮಾಡಿ, ಹಿಂದಿನ ದೂರಿನ ಸಂಖ್ಯೆ ಹೇಳಿ, ಅದರ ಮೇಲೆ ಏನಾಯಿತು ಎಂದು ವಿಚಾರಿಸಿ.