ಚಪ್ಪಾಳೆಯಿಂದ ಶಬ್ದದ ವೇಗ

ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನಾವೆಲ್ಲ ನೋಡಿದ್ದೇವೆ. ಬಟ್ಟೆ ಕಲ್ಲಿಗೆ ಬಡಿದು ಮತ್ತೆ ಮೇಲೇರುತ್ತಿರುವಾಗ ಅದರ ಸದ್ದು ನಮ್ಮ ಕಿವಿಗೆ ಮುಟ್ಟುತ್ತದೆ. ಈ ತಡವನ್ನೂ ದೂರವನ್ನೂ ಅಳೆದರೆ ಶಬ್ದದ ವೇಗ ಕೈಗೆ ಸಿಕ್ಕಿತಷ್ಟೆ. ಮದರಾಸಿನ ಖಗೋಳಶಾಸ್ತ್ರಜ್ಞ ಜಾನ್ ಗೋಲ್ಡಿಂಗ್‌ಹ್ಯಾಮ್ ಮಾಡಿದುದೂ ಇದನ್ನೇ. ಸೇಂಟ್ ಜಾರ್ಜ್ ಕೋಟೆಯಲ್ಲಿಯೂ ಸೇಂಟ್ ಥಾಮಸ್ ಬೆಟ್ಟದಲ್ಲಿಯೂ ಹಾರಿಸುತ್ತಿದ್ದ ತೋಪುಗಳ ಬೆಳಕು ಕಂಡಾಗಿನಿಂದ ಸದ್ದು ಕೇಳುವವರೆಗಿನ ಕಾಲವನ್ನೆಣಿಸಿ, ಆತನು ತನ್ನ ಫಲಿತಾಂಶವನ್ನು ೧೮೨೩ರಲ್ಲಿ ಪ್ರಕಟಿಸಿದನು.

ಶಾಲೆಗೆ ತೋಪೆಲ್ಲಿ ಬರಬೇಕು? ಅಂಗಳದ ೧೦ ಮೀಟರನ್ನು ಶಬ್ದವು ಸೆಕೆಂಡಿನ ಸುಮಾರು ೩೫ರಲ್ಲಿ ಒಂದು ಪಾಲಿನೊಳಗೆ ದಾಟಿಬಿಡುತ್ತದೆ; ಗಡಿಯಾರವನ್ನು ಒತ್ತುವ ಬೆರಳಿಗೆ ಅಷ್ಟು ಚುರುಕಿಲ್ಲ. ಕಾಲೇಜಿನಲ್ಲಿ ಅನುನಾದ ನಾಳವೇನೋ ಉಂಟು. ಆದರೆ ಅಲ್ಲಿ ವೇಗವು ಸುತ್ತುಬಳಸಿ ದೊರೆಯುತ್ತದೆ.

ಈಗ ಮೊಬೈಲು ಫೋನು ಬಂದಿದೆ. ಅದರಲ್ಲಿ ಪಾಠದ ಚಿತ್ರ ತೋರಿಸಿ ಮುಗಿಸಿದರೆ ಇನ್ನೊಂದು ಕರಿಹಲಗೆಯನ್ನು ತೂಗುಹಾಕಿದಂತಾಯಿತೇ ಹೊರತು ಹೆಚ್ಚಿನದೇನೂ ಆಗದು. ಫೋನಿಗೆ ಕಿವಿಯೂ ಗಡಿಯಾರವೂ ಇವೆಯೆಂಬುದನ್ನು ನೆನೆದಾಗ ಮಾತೇ ಬೇರೆ. ಜರ್ಮನಿಯ ಆಖನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ೨೦೧೬ರಲ್ಲಿ ಹೊರತಂದ 'ಫೈಫಾಕ್ಸ್' ಎಂಬ ಉಚಿತ ಆ್ಯಪಿನಲ್ಲಿ, ಒಂದು ಸದ್ದಿಗೆ ಓಡತೊಡಗಿ ಮುಂದಿನ ಸದ್ದಿಗೆ ನಿಲ್ಲುವ ಗಡಿಯಾರವಿದೆ.

ಒಬ್ಬ ಹುಡುಗ, ಒಬ್ಬ ಹುಡುಗಿ ೧೦ ಮೀಟರು ದೂರದಲ್ಲಿ ನಿಲ್ಲಲಿ; ಇಬ್ಬರ ಬಳಿಯಲ್ಲಿಯೂ ಒಂದೊಂದು ಫೋನಿರಲಿ. ಮೊದಲು ಹುಡುಗ ಚಪ್ಪಾಳೆ ತಟ್ಟುತ್ತಾನೆ. ಅವನ ಗಡಿಯಾರ ಕೂಡಲೆ ಓಡುತ್ತದೆ. ಹುಡುಗಿಯದು, ಶಬ್ದ ಅಲ್ಲಿಗೆ ತಲಪಿದ ಮೇಲೆ. ತುಸು ಬಿಟ್ಟು ಹುಡುಗಿ ತಟ್ಟುತ್ತಾಳೆ. ಅವಳದು ಕೂಡಲೆ ನಿಲ್ಲುತ್ತದೆ, ಹುಡುಗನದು ತಡವಾಗಿ. ಹೀಗೆ ಅವನ ಗಡಿಯಾರ ಎರಡು ಸಾರಿ ಲಾಭ ಪಡೆಯಿತು. ಎರಡು ಅಂಕಿಗಳ ವ್ಯತ್ಯಾಸವೇ ಶಬ್ದವು ಹೋಗಿಬರುವ ೨೦ ಮೀಟರಿನ ಕಾಲ. ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಸುಮಾರು ೦.೦೫೭ ಸೆಕೆಂಡು, ವೇಗ, ಸೆಕೆಂಡಿಗೆ ಸುಮಾರು ೩೫೦ ಮೀಟರು.

ಈ ಉಪಾಯದ ಸೊಗಸನ್ನು ಗಮನಿಸಿರಿ. ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸಬೇಕಾಗಿಲ್ಲ. ಎರಡು ಚಪ್ಪಾಳೆಗಳ ನಡುವೆ ಎಷ್ಟು ಹೊತ್ತು ಕಳೆಯಿತೆಂಬುದೂ ಬೇಕಿಲ್ಲ. ಗಾಳಿಯ ತೊಡಕೂ ಬಹುಮಟ್ಟಿಗೆ ಕಳೆದುಹೋಗುತ್ತದೆ. ಹೋಗುವಾಗ ನೂಕಿದ ಗಾಳಿ ಬರುವಾಗ ತಡೆಯುತ್ತದೆಯಲ್ಲವೆ? ಎಷ್ಟು ಗಟ್ಟಿಯಾದ ಸದ್ದಿಗೆ ಗಡಿಯಾರ ಎಚ್ಚರಗೊಳ್ಳಬೇಕೆಂಬುದನ್ನು ಮಾತ್ರ ಮೊದಲೇ ಗೊತ್ತುಪಡಿಸಬೇಕು. ಇಲ್ಲದಿದ್ದರೆ ಸಹಪಾಠಿಗಳ ನಗುವಿಗೂ ಅದು ಓಡೀತು!

ಇನ್ನೊಂದು ಪ್ರಶ್ನೆ ಉಳಿಯಿತು. ಉಷ್ಣತೆ ಒಂದು ಡಿಗ್ರಿ ಏರಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು ೦.೬ ಮೀಟರು ಹೆಚ್ಚುತ್ತದೆ. ಮುಂಜಾನೆಗೂ ಮಧ್ಯಾಹ್ನಕ್ಕೂ ೧೦ ಡಿಗ್ರಿ ಅಂತರವಿದ್ದರೆ ವ್ಯತ್ಯಾಸ ೬ ಮೀಟರು. ಆದರೆ ನಮ್ಮ ಅಳತೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ತಪ್ಪಿದರೂ ಅಷ್ಟೇ ವ್ಯತ್ಯಾಸ ಬರುತ್ತದೆ! ದೂರವನ್ನು ೩೦ ಮೀಟರಿಗೆ ಹೆಚ್ಚಿಸಿದರೆ ಅದೇ ತಪ್ಪು ೨ ಮೀಟರಿಗೆ ಇಳಿಯುವುದು. ಆಗ ಚಪ್ಪಾಳೆ ಸಾಲದು. ಊಟದ ತಟ್ಟೆಯನ್ನೇ ಬಡಿಯಬೇಕಾದೀತು.