ಕ್ಲಿಕ್ಕಿಸುವುದು ಬೇರೆ, ಹಂಚುವುದು ಬೇರೆ

2025ರ ಜುಲೈನಲ್ಲಿ ಬೆಂಗಳೂರಿನ ಪೊಲೀಸರು ಒಬ್ಬ ಯುವಕನನ್ನು ಬಂಧಿಸಿದರು. ಚರ್ಚ್ ಸ್ಟ್ರೀಟ್‌ನ ಜನಜಂಗುಳಿಯನ್ನು ಚಿತ್ರೀಕರಿಸುವ ನೆಪದಲ್ಲಿ ಹೆಣ್ಣುಮಕ್ಕಳ ಬೆನ್ನು ಹತ್ತಿ ವಿಡಿಯೊ ಮಾಡುತ್ತಿದ್ದ, ಅದನ್ನು ಅವರಿಗೆ ತಿಳಿಯದಂತೆ ಇನ್‌ಸ್ಟಾಗ್ರಾಂಗೆ ಏರಿಸುತ್ತಿದ್ದ ಎಂಬುದು ಅವನ ಮೇಲಿದ್ದ ಆರೋಪ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ನಮ್ಮ ಮೆಟ್ರೊದಲ್ಲಿ ಪ್ರಯಾಣಿಸುವ ಮಹಿಳೆಯರ ಚಿತ್ರಗಳನ್ನು ಕದ್ದು ತೆಗೆದು ಹಂಚುತ್ತಿದ್ದ ಖಾತೆಯೊಂದು ಬೆಳಕಿಗೆ ಬಂದು, ಅಲ್ಲೂ ಒಬ್ಬನ ಬಂಧನವಾಗಿತ್ತು. ಈ ಎರಡು ಪ್ರಕರಣಗಳಾದ ಮೇಲೆ ನಗರದಲ್ಲಿ ಕ್ಯಾಮೆರಾ ಹಿಡಿದು ನಡೆಯುವ ಹವ್ಯಾಸಿಗಳದ್ದು ಒಂದೇ ದೂರು: ಯಾರೋ ಮಾಡಿದ ತಪ್ಪಿಗೆ ನಮ್ಮನ್ನೂ ಗುಮಾನಿಯಿಂದ ನೋಡುತ್ತಾರೆ, ನಿಲ್ಲಿಸಿ ಪ್ರಶ್ನಿಸುತ್ತಾರೆ, ಫೋಟೊ ಅಳಿಸು ಎನ್ನುತ್ತಾರೆ. ದೂರು ಸುಳ್ಳಲ್ಲ. ಆದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ನಗರದ ಬೀದಿ ಛಾಯಾಗ್ರಹಣಕ್ಕೆ ಇಂದು ಎದುರಾಗಿರುವ ದೊಡ್ಡ ತೊಡಕು ಕ್ಯಾಮೆರಾದ್ದಲ್ಲ, ಕಾನೂನಿನದ್ದೂ ಅಲ್ಲ. ತೆಗೆದ ಚಿತ್ರ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಛಾಯಾಗ್ರಾಹಕರ ಬಳಿ ಉತ್ತರವಿಲ್ಲದಿರುವುದು ಆ ತೊಡಕು.

ಸ್ಟ್ರೀಟ್ ಫೋಟೊಗ್ರಫಿ ಎಂದು ಕರೆಯುವ ಈ ಪ್ರಕಾರದ ಜೀವಾಳ, ಎದುರಿನವರಿಗೆ ಪೋಸು ಕೊಡಲು ಹೇಳದಿರುವುದು. ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸೋ ಕೈಯಲ್ಲಡಗುವ ಲೈಕಾ ಕ್ಯಾಮೆರಾ ಹಿಡಿದು ಊರೂರು ಅಲೆದು 1952ರಲ್ಲಿ ಪ್ರಕಟಿಸಿದ ಪುಸ್ತಕ ಇದಕ್ಕೊಂದು ಶಾಸ್ತ್ರವನ್ನೇ ಒದಗಿಸಿತು. ಬೆಳಕು, ಆಕಾರ, ಮನುಷ್ಯನ ಚಲನೆ ಮೂರೂ ಒಂದಾಗುವ ಆ ಒಂದು ಕ್ಷಣವನ್ನು ಹಿಡಿಯಬೇಕು, ಅದು ತಪ್ಪಿದರೆ ತಪ್ಪಿತು. ನಮ್ಮಲ್ಲಿ ರಘು ರಾಯ್, ರಘುಬೀರ್ ಸಿಂಗ್ ಆ ದಾರಿಯನ್ನು ತಮ್ಮದಾಗಿಸಿಕೊಂಡರು. ಮೈಸೂರಿನ ಟಿ.ಎಸ್. ಸತ್ಯನ್ ಪತ್ರಿಕಾ ಛಾಯಾಗ್ರಾಹಕರಾಗಿದ್ದರೂ ಅವರ ಕಣ್ಣು ದೊಡ್ಡವರ ಸಭೆಗಿಂತ ಬೀದಿಯ ಮಕ್ಕಳ ಮೇಲೇ ಹೆಚ್ಚಾಗಿ ನೆಟ್ಟಿತ್ತು. ಇವರೆಲ್ಲ ಕೇಳದೆಯೇ ತೆಗೆದ ಎಷ್ಟೋ ಚಿತ್ರಗಳಿಲ್ಲದಿದ್ದರೆ ಇಪ್ಪತ್ತನೆಯ ಶತಮಾನದ ಊರುಗಳು ಹೇಗಿದ್ದವೆಂದು ತಿಳಿಯಲು ನಮಗೆ ಉಳಿಯುತ್ತಿದ್ದದ್ದು ಸರ್ಕಾರಿ ಸಮಾರಂಭಗಳ ಫೋಟೊ ಮತ್ತು ಮದುವೆ ಆಲ್ಬಂ. ಹಾಗಾಗಿ ಕೇಳದೆ ತೆಗೆದ ಪ್ರತಿಯೊಂದು ಚಿತ್ರವೂ ಕಳ್ಳತನವೇ ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಕಸುಬಿನ ಕಷ್ಟಗಳು ಇಲ್ಲವೆಂದಲ್ಲ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೆಯ ವಾರದ ಒಂದೊಂದು ಮಧ್ಯಾಹ್ನ, ಸೂರ್ಯ ನೆತ್ತಿಗೆ ಬಂದು ಕಂಬದ ನೆರಳೇ ಕಾಣದಾಗುತ್ತದೆ. ಪ್ಯಾರಿಸ್ಸಿನ ಉದ್ದುದ್ದ ನೆರಳುಗಳನ್ನು ಪುಸ್ತಕದಲ್ಲಿ ನೋಡಿ ಕಲಿತವನಿಗೆ ಇಲ್ಲಿನ ಬೆಳಕು ಬೆಳಿಗ್ಗೆ ಒಂಬತ್ತಕ್ಕೆಲ್ಲ ಕೈಕೊಡುತ್ತದೆ. ಫುಟ್‌ಪಾತ್ ಅಗೆದಿರುತ್ತದೆ, ಇಲ್ಲವೇ ಅದರ ಮೇಲೆ ಬೈಕು ನಿಂತಿರುತ್ತದೆ. ಅರೆಗಳಿಗೆ ನಿಂತು ಕಾಯೋಣವೆಂದರೆ ಹಿಂದಿನಿಂದ ಹಾರ್ನ್. ಇವಕ್ಕೆಲ್ಲ ಅಭ್ಯಾಸದಿಂದ ಪರಿಹಾರ ಸಿಗುತ್ತದೆ. 35 ಎಂ.ಎಂ. ಲೆನ್ಸನ್ನು ಎಫ್/8ಕ್ಕಿಟ್ಟು ಮೂರು ಮೀಟರ್ ದೂರಕ್ಕೆ ಮೊದಲೇ ಫೋಕಸ್ ಮಾಡಿಕೊಂಡರೆ ಹೆಚ್ಚುಕಡಿಮೆ ಎರಡರಿಂದ ಏಳು ಮೀಟರಿನೊಳಗೆ ನಡೆಯುವುದೆಲ್ಲ ಸ್ಪಷ್ಟವಾಗಿ ಬರುತ್ತದೆ, ಕಣ್ಣಿಗೆ ಕ್ಯಾಮೆರಾ ಏರಿಸಿ ಹೊಂದಿಸುತ್ತ ಕೂರಬೇಕಿಲ್ಲ. ಆದರೆ ಈ ಲೆಕ್ಕದ ಅರ್ಥವೇನೆಂದರೆ, ತೆಗೆಯುವವನು ಜನರ ಮಧ್ಯೆಯೇ, ಅವರಿಗೆ ಕಾಣುವಂತೆಯೇ ಇರಬೇಕು. ದೂರದಲ್ಲಿ ನಿಂತು ಉದ್ದನೆಯ ಟೆಲಿ ಲೆನ್ಸಿನಲ್ಲಿ ಎಳೆದುಕೊಳ್ಳುವುದೇ ಸಭ್ಯತೆ ಎಂದುಕೊಂಡವರಿದ್ದಾರೆ. ನನ್ನ ಪ್ರಕಾರ ಬೇಹುಗಾರಿಕೆಯ ವಾಸನೆ ಬರುವುದೇ ಅಲ್ಲಿ. ಹಾಗೆಂದು ಹತ್ತಿರ ಹೋದದ್ದೆಲ್ಲ ಪ್ರಾಮಾಣಿಕವೂ ಆಗುವುದಿಲ್ಲ. 2020ರ ಫೆಬ್ರುವರಿಯಲ್ಲಿ ಫ್ಯೂಜಿಫಿಲ್ಮ್ ತನ್ನ ಹೊಸ ಕ್ಯಾಮೆರಾದ ಪ್ರಚಾರಕ್ಕೆ ಜಪಾನಿನ ತತ್ಸುವೊ ಸುಜುಕಿ ಕೆಲಸ ಮಾಡುವ ವಿಡಿಯೊ ಬಿಡುಗಡೆ ಮಾಡಿತು. ಟೋಕಿಯೊದ ದಾರಿಹೋಕರ ಮುಖದೆದುರಿಗೇ ಅವರು ಕ್ಯಾಮೆರಾ ಒಡ್ಡುತ್ತಿದ್ದ ರೀತಿಗೆ ಎಷ್ಟು ಟೀಕೆ ಬಂತೆಂದರೆ, ಕಂಪನಿ ವಿಡಿಯೊವನ್ನು ಹಿಂತೆಗೆದುಕೊಂಡಿತು.

ಇನ್ನು ಕಾನೂನು. ಸಾರ್ವಜನಿಕ ಸ್ಥಳದಲ್ಲಿ ದಾರಿಹೋಕರ ಚಿತ್ರ ತೆಗೆಯಬಾರದೆನ್ನುವ ಸಾಮಾನ್ಯ ಕಾನೂನು ಭಾರತದಲ್ಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ, ಹೆಣ್ಣೊಬ್ಬಳು ಖಾಸಗಿ ಕ್ರಿಯೆಯಲ್ಲಿ ತೊಡಗಿರುವಾಗ ಚಿತ್ರ ತೆಗೆಯುವುದನ್ನೂ ಅದನ್ನು ಹಂಚುವುದನ್ನೂ ಅಪರಾಧವೆನ್ನುತ್ತದೆ. ಮಾರ್ಕೆಟ್ಟಿನಲ್ಲಿ ನಡೆದುಹೋಗುವುದು ಆ ಅರ್ಥದಲ್ಲಿ ಖಾಸಗಿಯಲ್ಲ. ಛಾಯಾಗ್ರಾಹಕರು ಸಾಮಾನ್ಯವಾಗಿ ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಧಾಟಿಯಲ್ಲಿ, ಬೀದಿಗೆ ಬಂದಮೇಲೆ ಖಾಸಗಿತನವೆಲ್ಲಿಯದು ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಬಂದು ವರ್ಷಗಳಾದವು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಸಾರ್ವಜನಿಕ ಸ್ಥಳದಲ್ಲಿದ್ದ ಮಾತ್ರಕ್ಕೆ ಮನುಷ್ಯ ಆ ಹಕ್ಕನ್ನು ಕಳೆದುಕೊಳ್ಳುವುದಿಲ್ಲ ಎಂಬುದೂ ಮುಖ್ಯ ತೀರ್ಪಿನಲ್ಲಿಯೇ ಇದೆ. ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಂತಿಲ್ಲ. ಅದೇ 77ನೇ ಕಲಮಿನ ವಿವರಣೆಯ ಪ್ರಕಾರ, ಚಿತ್ರ ತೆಗೆಯಲು ಮಾತ್ರ ಒಪ್ಪಿ ಹಂಚಲು ಒಪ್ಪದಿದ್ದ ಪಕ್ಷದಲ್ಲಿ ಹಂಚುವುದೇ ಅಪರಾಧ. ತೆಗೆಯುವುದು ಬೇರೆ ಕೆಲಸ, ಹಂಚುವುದು ಬೇರೆ ಕೆಲಸ ಎಂಬ ವಿಂಗಡಣೆ ನಮ್ಮ ಕಾನೂನಿಗೆ ಹೊಸದಲ್ಲ ಎಂದಾಯಿತು.

ಹೊರದೇಶಗಳ ಮೂರು ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದರೆ ಈ ವಿಂಗಡಣೆಯ ತೂಕ ತಿಳಿಯುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಕಟ್ಟಡವೊಂದರ ಮೆಟ್ಟಿಲ ಮೇಲೆ ಕುಳಿತಿದ್ದ 17 ವರ್ಷದ ಹುಡುಗಿಯ ಚಿತ್ರ ಕಲಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಸಹಪಾಠಿಗಳು ನಕ್ಕರು. 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹುಡುಗಿಯ ಪರ ನಿಂತು 2,000 ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ನ್ಯೂಯಾರ್ಕಿನದ್ದು ಇದಕ್ಕೆ ತದ್ವಿರುದ್ಧ. ಫಿಲಿಪ್-ಲೋರ್ಕಾ ಡಿಕೋರ್ಸಿಯಾ ಟೈಮ್ಸ್ ಸ್ಕ್ವೇರಿನಲ್ಲಿ ಅಡಗಿಸಿಟ್ಟ ಫ್ಲ್ಯಾಶ್ ದೀಪಗಳಿಂದ ದಾರಿಹೋಕರ ಮುಖಗಳನ್ನು ಸೆರೆಹಿಡಿದು ಗ್ಯಾಲರಿಯಲ್ಲಿ ಮಾರಿದರು. ತಮ್ಮ ಚಿತ್ರ ಕಂಡ ವೃದ್ಧರೊಬ್ಬರು ಧಾರ್ಮಿಕ ನಂಬಿಕೆಗೆ ಧಕ್ಕೆಯಾಯಿತೆಂದು ಕೋರ್ಟಿಗೆ ಹೋದರು. 2006ರಲ್ಲಿ ನ್ಯಾಯಾಲಯ ಇದು ಕಲೆ, ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದು ದಾವೆ ವಜಾ ಮಾಡಿತು. ಮೂರನೆಯದು ಬರ್ಲಿನ್ನಿನದು, ನನಗೆ ಹೆಚ್ಚು ಬೆಳಕು ಕೊಡುವುದೂ ಅದೇ. ಎಸ್ಪೆನ್ ಐಖ್‌ಹೋಫರ್ 2013ರಲ್ಲಿ ರಸ್ತೆಯಲ್ಲಿ ನಡೆದುಹೋಗುತ್ತಿದ್ದ ಮಹಿಳೆಯೊಬ್ಬರ ಚಿತ್ರ ತೆಗೆದರು. ಪ್ರದರ್ಶನದ ಭಾಗವಾಗಿ ಅದನ್ನು ದೊಡ್ಡದಾಗಿ ಮುದ್ರಿಸಿ ಜನನಿಬಿಡ ರಸ್ತೆಯ ಬದಿಯಲ್ಲಿ ನಿಲ್ಲಿಸಲಾಯಿತು. ಆಕೆ ಆಕ್ಷೇಪಿಸಿದರು. ಜರ್ಮನಿಯ ಸಂವಿಧಾನ ನ್ಯಾಯಾಲಯ 2018ರಲ್ಲಿ ಬೀದಿ ಛಾಯಾಗ್ರಹಣವೂ ಕಲೆಯೇ, ಅದಕ್ಕೂ ರಕ್ಷಣೆಯುಂಟು ಎಂದು ಒಪ್ಪಿಕೊಂಡಿತು. ಹಾಗಿದ್ದೂ, ನೂರಾರು ಜನ ಓಡಾಡುವ ರಸ್ತೆಯಲ್ಲಿ ಒಬ್ಬಳ ಮುಖವನ್ನು ಅಷ್ಟು ಎದ್ದುಕಾಣುವಂತೆ ಇಟ್ಟದ್ದು ಆಕೆಯ ಹಕ್ಕಿನ ಉಲ್ಲಂಘನೆ ಎಂದಿದ್ದ ಕೆಳ ನ್ಯಾಯಾಲಯಗಳ ತೀರ್ಮಾನವನ್ನು ಅದು ತಳ್ಳಿಹಾಕಲಿಲ್ಲ. ಮೂರು ದೇಶ, ಮೂರು ನಿಲುವು. ಆದರೆ ಮೂರು ಕಡೆಯೂ ಜಗಳ ಹುಟ್ಟಿದ್ದು ಶಟರ್ ಬಿದ್ದಾಗಲ್ಲ, ಚಿತ್ರ ನಾಲ್ಕು ಜನರ ಕಣ್ಣಿಗೆ ಬಿದ್ದಾಗ.

ಮೊದಲು ಹೀಗಿರಲಿಲ್ಲ ಏಕೆಂದರೆ ಚಿತ್ರದ ದಾರಿಗೆ ತಡೆಗಳಿದ್ದವು. ಸತ್ಯನ್ ತೆಗೆದ ಚಿತ್ರ ರೀಲು ತೊಳೆದು, ಸಂಪಾದಕರ ಮೇಜು ದಾಟಿ, ಅಚ್ಚಾಗಿ, ಕೆಲವು ದಿನಗಳಲ್ಲಿ ರದ್ದಿ ಅಂಗಡಿ ಸೇರುತ್ತಿತ್ತು. ಅಮೆರಿಕದ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ಕೋಟಿನೊಳಗೆ ಕ್ಯಾಮೆರಾ ಬಚ್ಚಿಟ್ಟುಕೊಂಡು ನ್ಯೂಯಾರ್ಕಿನ ಸುರಂಗ ರೈಲಿನ ಪ್ರಯಾಣಿಕರನ್ನು ತೆಗೆದರು. ಇಂದಿನ ಮೆಟ್ರೊ ಪ್ರಕರಣಕ್ಕೂ ಅದಕ್ಕೂ ವಿಧಾನದಲ್ಲಿ ಹೆಚ್ಚು ವ್ಯತ್ಯಾಸ ಹುಡುಕುವುದು ಕಷ್ಟ, ಒಪ್ಪಿಕೊಳ್ಳಬೇಕಾದ ಮಾತಿದು. ಉದ್ದೇಶದ ಮಾತು ಹಾಗಿರಲಿ, ಇವಾನ್ಸರ ಪುಸ್ತಕ ಬಂದದ್ದು 1966ರಲ್ಲಿ. ಕಾಲು ಶತಮಾನ ಕಳೆದಿತ್ತು. ಆ ಮುಖಗಳ ಹಿಂದೆ ಬಿದ್ದು ಹೆಸರು, ಕಚೇರಿ, ಮನೆ ಹುಡುಕುವ ಸಾಧನ ಯಾರ ಬಳಿಯೂ ಇರಲಿಲ್ಲ. ಇಂದು ಮುಖವನ್ನೇ ಕೊಟ್ಟು ಅಂತರ್ಜಾಲದಲ್ಲಿ ಹುಡುಕಬಹುದು, ಅದನ್ನು ಎತ್ತಿ ಬೇರೆ ದೇಹಕ್ಕೆ ಅಂಟಿಸಬಹುದು. ತೆಗೆದವನ ಮನಸ್ಸು ಎಷ್ಟೇ ಶುದ್ಧವಿದ್ದರೂ ಪೋಸ್ಟ್ ಒತ್ತಿದ ಮೇಲೆ ಚಿತ್ರ ಅವನ ಮಾತು ಕೇಳುವುದಿಲ್ಲ.

ಇಲ್ಲಿ ಇನ್ನೊಂದು ಅಸಮಾನತೆ ಇದೆ, ಅದನ್ನು ಛಾಯಾಗ್ರಾಹಕರು ಆಡಿಕೊಳ್ಳುವುದು ಕಡಿಮೆ. ಬೆಂಗಳೂರಿನಲ್ಲಿ ಫೋಟೊ ವಾಕ್ ಎಂದರೆ ಸಾಮಾನ್ಯವಾಗಿ ಕೆ.ಆರ್. ಮಾರ್ಕೆಟ್, ಅವೆನ್ಯೂ ರಸ್ತೆ, ಚಿಕ್ಕಪೇಟೆ, ರಸೆಲ್ ಮಾರ್ಕೆಟ್. ಮಾರ್ಕೆಟ್ಟಿನ ಮೇಲಂತಸ್ತಿನಿಂದ ಕೆಳಗಿನ ಹೂವಿನ ರಾಶಿಯನ್ನು ತೆಗೆದ ಚಿತ್ರ ಎಷ್ಟು ಜನರ ಖಾತೆಯಲ್ಲಿಲ್ಲ! ಮಾಲ್‌ಗಳಲ್ಲಿ, ಟೆಕ್ ಪಾರ್ಕುಗಳಲ್ಲಿ ಯಾರೂ ಫೋಟೊ ವಾಕ್ ಮಾಡುವುದಿಲ್ಲ. ಗೇಟಿನಲ್ಲೇ ಸೆಕ್ಯುರಿಟಿಯವರು ತಡೆಯುತ್ತಾರೆ, ಅದು ಖಾಸಗಿ ಜಾಗ. ಹಣವುಳ್ಳವರ ಬದುಕು ಹೀಗೆ ಗೋಡೆಯೊಳಗೆ ಸರಿದಿದೆ. ಬೀದಿಯಲ್ಲೇ ಉಂಡು, ಬೀದಿಯಲ್ಲೇ ಅರೆನಿದ್ದೆ ಮಾಡಿ, ಬೀದಿ ನಲ್ಲಿಯಲ್ಲೇ ಮುಖ ತೊಳೆಯುವವರಿಗೆ ಆ ಗೋಡೆಯಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಖಾಸಗಿತನವಿಲ್ಲ ಎಂಬ ನಿಯಮವನ್ನು ಹಾಗೇ ಪಾಲಿಸಿದರೆ ಖಾಸಗಿತನ ಬಾಡಿಗೆ ಕೊಡಬಲ್ಲವರ ಸೊತ್ತಾಗುತ್ತದೆ. ತಳ್ಳುಗಾಡಿಯವರು ಕ್ಯಾಮೆರಾ ಕಂಡು ಮುಖ ತಿರುಗಿಸಿದರೆ ಅದನ್ನು ಸಂಕೋಚ ಎಂದುಕೊಳ್ಳುವುದೂ ತಪ್ಪು. ಎತ್ತಂಗಡಿಯ ಭಯದಲ್ಲಿ ದಿನ ದೂಡುವವರಿಗೆ ತಮ್ಮ ಗಾಡಿ ಎಲ್ಲಿ ನಿಂತಿದೆ ಎಂಬುದರ ಚಿತ್ರ ಕಲೆಯಾಗಿ ಕಾಣುವ ಮೊದಲು ಸಾಕ್ಷಿಯಾಗಿ ಕಾಣುತ್ತದೆ. ಮಕ್ಕಳ ವಿಷಯದಲ್ಲಂತೂ ಭಯದ ಬೇರು ಇನ್ನೂ ಆಳ. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪುಗಳು ಅಮಾಯಕರನ್ನು ಬಡಿದು ಕೊಂದವು. ಅಂಥ ನೆನಪಿರುವ ಬಡಾವಣೆಯಲ್ಲಿ ಅಪರಿಚಿತನೊಬ್ಬ ಮಕ್ಕಳತ್ತ ಲೆನ್ಸ್ ತಿರುಗಿಸಿದಾಗ ತಾಯಂದಿರು ಕೂಗಾಡುವುದನ್ನು ಕಲೆ ತಿಳಿಯದವರ ಗಲಾಟೆ ಎಂದು ತಳ್ಳಿಹಾಕಲಾಗದು.

ಹಾಗಾದರೆ ಪ್ರತಿಯೊಬ್ಬರನ್ನೂ ಮೊದಲೇ ಕೇಳಿ ತೆಗೆಯಬೇಕೆ? ಕೇಳಿದ ಕ್ಷಣಕ್ಕೇ ಎದುರಿನವರು ನೆಟ್ಟಗೆ ನಿಲ್ಲುತ್ತಾರೆ, ತಲೆ ಬಾಚಿಕೊಳ್ಳುತ್ತಾರೆ. ಬೀದಿಯ ಚಿತ್ರ ಅಲ್ಲಿಗೆ ಸ್ಟುಡಿಯೊ ಚಿತ್ರವಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಪ್ಯಾರಿಸ್ ನಗರಸಭೆಯ ಎದುರು ಮುತ್ತಿಡುವ ಜೋಡಿಯ 1950ರ ಜಗತ್ಪ್ರಸಿದ್ಧ ಚಿತ್ರವನ್ನು ರಾಬೆರ್ ದ್ವಾನೋ ತೆಗೆದದ್ದು ನಟನೆ ಕಲಿಯುತ್ತಿದ್ದ ಯುವಜೋಡಿಯನ್ನು ಒಪ್ಪಿಸಿ ನಿಲ್ಲಿಸಿ. ಅದು ಹೊರಬಿದ್ದದ್ದು ನಾಲ್ಕು ದಶಕಗಳ ಮೇಲೆ, ಚಿತ್ರದಲ್ಲಿರುವುದು ತಾವೇ ಎಂದು ಬೇರೊಂದು ದಂಪತಿ ಕೋರ್ಟಿಗೆ ಹೋದಾಗ. ಚಿತ್ರ ಚೆನ್ನಾಗಿಯೇ ಇದೆ, ಆದರೆ ದಾಖಲೆಯಾಗಿ ಅದರ ಬೆಲೆ ಇಳಿಯಿತು. ಒಪ್ಪಿಗೆಯನ್ನು ಕ್ಲಿಕ್ಕಿಗೆ ಮೊದಲು ಇಡುವುದರ ತೊಂದರೆ ಇದೇ. ಒಪ್ಪಿಗೆಯ ಜಾಗವನ್ನು ಸ್ವಲ್ಪ ಆಚೆಗೆ, ಪ್ರಕಟಣೆಯ ಹೊಸ್ತಿಲಿಗೆ, ಸರಿಸಿದರೆ ಕ್ಷಣವೂ ಉಳಿಯುತ್ತದೆ, ಮನುಷ್ಯನ ಮಾತಿಗೂ ಬೆಲೆ ಸಿಗುತ್ತದೆ. ಜರ್ಮನಿಯ 1907ರ ಕಾನೂನು ವ್ಯಕ್ತಿಯ ಒಪ್ಪಿಗೆ ಕೇಳುವುದು ಚಿತ್ರವನ್ನು ಹಂಚುವುದಕ್ಕೆ, ಬಹಿರಂಗವಾಗಿ ತೋರಿಸುವುದಕ್ಕೆ. ಮೆರವಣಿಗೆ, ಸಭೆ, ಭೂದೃಶ್ಯದ ನಡುವೆ ಸುಮ್ಮನೆ ಬಂದುಹೋದ ಮುಖಗಳಿಗೆ ಅಲ್ಲಿ ವಿನಾಯಿತಿಯಿದೆ. ಕಡಲೆಕಾಯಿ ಪರಿಷೆಯ ಜನಸಾಗರಕ್ಕೂ ಫ್ರೇಮಿನ ತುಂಬ ಒಬ್ಬರದೇ ಮುಖವಿರುವ ಚಿತ್ರಕ್ಕೂ ಒಂದೇ ಅಳತೆಗೋಲು ಹಿಡಿಯಬೇಕೆಂದು ಯಾರೂ ಹೇಳುತ್ತಿಲ್ಲ.

ಎಲ್ಲ ಕಂಬಗಳ ಮೇಲೂ ಸಿಸಿ ಟಿ.ವಿ. ಇರುವಾಗ ನಮ್ಮೊಬ್ಬರನ್ನೇ ಯಾಕೆ ಹಿಡಿಯುತ್ತೀರಿ ಎಂಬುದು ಇನ್ನೊಂದು ಆಕ್ಷೇಪ. ಸೇಫ್ ಸಿಟಿ ಯೋಜನೆಯಡಿ ಬೆಂಗಳೂರಿನಲ್ಲಿ ಸಾವಿರಾರು ಕ್ಯಾಮೆರಾಗಳು ಬಂದಿವೆ, ಅವು ಯಾರನ್ನೂ ಕೇಳಿ ತೆಗೆಯುವುದಿಲ್ಲ, ನಿಜ. ಅದು ಬೇರೆಯದೇ ಜಗಳ, ಆಡಬೇಕಾದ ಜಗಳ. ಆದರೆ ಕಂಬದ ಮೇಲಿನ ಕ್ಯಾಮೆರಾದ ಬೇಜವಾಬ್ದಾರಿಯನ್ನು ತೋರಿಸಿ ತನ್ನದನ್ನು ಸಮರ್ಥಿಸಿಕೊಳ್ಳುವ ಛಾಯಾಗ್ರಾಹಕ, ತನಗೂ ಅದಕ್ಕೂ ಇರುವ ಒಂದೇ ಮುಖ್ಯ ವ್ಯತ್ಯಾಸವನ್ನು ತಾನೇ ಬಿಟ್ಟುಕೊಡುತ್ತಿರುತ್ತಾನೆ: ಅವನನ್ನು ತಡೆದು ಮಾತನಾಡಿಸಬಹುದು, ಯಾಕೆ ತೆಗೆದೆ ಎಂದು ಕೇಳಬಹುದು, ಬೇಡವೆಂದರೆ ಅವನು ಅಳಿಸಬಹುದು. ಬೇಕೆಂದರೆ ಮುಂದಿನ ವಾರ ಒಂದು ಪ್ರಿಂಟ್ ತಂದೂ ಕೊಡಬಹುದು.

ಕೇಳುತ್ತ ಕೂತರೆ ಇತಿಹಾಸ ಖಾಲಿಯಾಗುತ್ತದೆ ಎಂಬ ಆತಂಕವೂ ಇದೆ. ಪ್ರಕಟಿಸದೆ ಇಟ್ಟ ಚಿತ್ರ ನಾಶವಾದ ಚಿತ್ರವಲ್ಲ. ಷಿಕಾಗೊದಲ್ಲಿ ಮನೆಮಕ್ಕಳನ್ನು ನೋಡಿಕೊಳ್ಳುತ್ತಿದ್ದ ವಿವಿಯನ್ ಮೇಯರ್ ತೆಗೆದ ಲಕ್ಷಕ್ಕೂ ಮೀರಿದ ನೆಗೆಟಿವ್‌ಗಳು 2007ರ ಹರಾಜಿನಲ್ಲಿ ಹೊರಬರತೊಡಗುವವರೆಗೆ ಪೆಟ್ಟಿಗೆಯಲ್ಲಿದ್ದವು. ಅಮೆರಿಕದ ನಗರಜೀವನದ ದಾಖಲೆಗೆ ಅದರಿಂದ ನಷ್ಟವಾಗಲಿಲ್ಲ. ಅದೇ ಸಂಜೆ ಎಷ್ಟು ಲೈಕ್ ಬಿತ್ತು ಎಂದು ನೋಡುವ ಅವಸರಕ್ಕೂ ದಾಖಲೆಯ ಕಾಳಜಿಗೂ ಸಂಬಂಧ ತೀರಾ ಕಡಿಮೆ.

ಇದನ್ನೆಲ್ಲ ಇತ್ಯರ್ಥ ಮಾಡಲು ಹೊಸ ಕಾನೂನು ಬರಲಿ ಎನ್ನುವವರಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೇ ತೋರಿಸಬೇಕು. ವ್ಯಕ್ತಿಯೊಬ್ಬ ತನ್ನ ವೈಯಕ್ತಿಕ ಅಥವಾ ಮನೆಮಟ್ಟಿನ ಉದ್ದೇಶಕ್ಕೆ ಬಳಸುವ ದತ್ತಾಂಶವನ್ನು ಅದು ಹೊರಗಿಟ್ಟಿದೆ. ಪತ್ರಿಕಾ ವೃತ್ತಿಗೆ ಪ್ರತ್ಯೇಕ ವಿನಾಯಿತಿ ಕೊಟ್ಟಿಲ್ಲ. ಹತ್ತು ಸಾವಿರ ಜನ ಹಿಂಬಾಲಿಸುವ ಹವ್ಯಾಸಿಯ ಖಾತೆ ಮನೆಮಟ್ಟಿನದೋ ಅಲ್ಲವೋ ಎಂಬುದನ್ನು ಕಾಯ್ದೆಯ ಅಕ್ಷರ ಬಿಡಿಸಿ ಹೇಳುವುದಿಲ್ಲ. ಯಾವುದೋ ಒಂದು ಮೊಕದ್ದಮೆಯಲ್ಲಿ ಅದು ತೀರ್ಮಾನವಾಗಬೇಕು. ಆ ದಿನ ಕಟಕಟೆಯಲ್ಲಿ ನಿಲ್ಲುವವನು ರಘು ರಾಯ್ ಥರದವನಾಗಿರುವ ಸಾಧ್ಯತೆ ಕಡಿಮೆ, ಹಿಂಬದಿಯಿಂದ ರೀಲ್ಸ್ ಮಾಡಿದವನಾಗಿರುವ ಸಾಧ್ಯತೆಯೇ ಹೆಚ್ಚು. ಅವನನ್ನು ನೋಡಿ ಬರೆದ ತೀರ್ಪು ಎಲ್ಲರಿಗೂ ಅನ್ವಯವಾಗುತ್ತದೆ. ಒಂಟಿ ಮುಖವನ್ನು ಕೇಳಿಯೇ ಹಾಕುವ, ಬೇಡವೆಂದರೆ ತೆಗೆದುಹಾಕುವ, ಮಕ್ಕಳ ಮತ್ತು ಮಲಗಿದವರ ಚಿತ್ರವನ್ನು ಕೈಬಿಡುವ ಪದ್ಧತಿಯೊಂದನ್ನು ಫೋಟೊ ಕ್ಲಬ್ಬುಗಳೂ ವಾಕ್ ನಡೆಸುವವರೂ ಅಷ್ಟರೊಳಗೆ ಬರೆದಿಟ್ಟು ಪಾಲಿಸುತ್ತ ಬಂದಿದ್ದರೆ, ವಕೀಲರ ಕೈಯಲ್ಲಿ ತೋರಿಸಲು ಒಂದು ಕಾಗದವಾದರೂ ಇರುತ್ತದೆ.