ಪ್ಲೇಗು ತೆರೆದ ಹಿತ್ತಿಲ ಗಲ್ಲಿ

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಮನೆಗಳ ಬೆನ್ನಿಗೆ ಕಿರಿದಾದ ಓಣಿಗಳಿವೆ. ಯಾರ ಮನೆಯ ಮುಂಬಾಗಿಲೂ ಅತ್ತ ತೆರೆಯುವುದಿಲ್ಲ. ಹಳಬರು ಇವನ್ನು ‘ಕನ್ಸರ್ವೆನ್ಸಿ ಗಲ್ಲಿ’ ಎನ್ನುತ್ತಾರೆ. ಇವು ಯಾಕೆ ಬಂದವು ಎಂದು ಹುಡುಕಿ ಹೊರಟರೆ ಹುಬ್ಬಳ್ಳಿ ಕಡೆಯ ರೈಲು ಹತ್ತಬೇಕಾಗುತ್ತದೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿ ಬಂದರಿನ ಪಕ್ಕದ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿತು. ಮರು ಫೆಬ್ರುವರಿಯಲ್ಲೇ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು (2020ರಲ್ಲಿ ಕೊರೊನಾ ಬಂದಾಗ ನಮ್ಮ ಸರ್ಕಾರಗಳು ದೂಳು ಕೊಡವಿ ಈಚೆಗೆ ತೆಗೆದದ್ದು ಇದನ್ನೇ). ಆಗ ಹುಬ್ಬಳ್ಳಿ ಮುಂಬಯಿ ಪ್ರಾಂತ್ಯದಲ್ಲಿತ್ತು. ತುಂಗಭದ್ರೆ ದಾಟಿ ಹರಿಹರಕ್ಕೆ ಬಂದರೆ ಮೈಸೂರು ಸಂಸ್ಥಾನ. ಆ ಕಾಲದ ರೈಲು ತಪಾಸಣೆಯೆಂದರೆ ಪ್ರಯಾಣಿಕರನ್ನು ಇಳಿಸಿ ಸಾಲಾಗಿ ನಿಲ್ಲಿಸುವುದು, ಕಂಕುಳು, ತೊಡೆಸಂದುಗಳಲ್ಲಿ ಗಡ್ಡೆ ಎದ್ದಿದೆಯೇ ಎಂದು ಮುಟ್ಟಿ ನೋಡುವುದು, ಮೈ ಬಿಸಿಯಿದ್ದವರನ್ನು ಶಿಬಿರಕ್ಕೆ ಅಟ್ಟುವುದು. ಹೆಂಗಸರ ತಪಾಸಣೆಯಂತೂ ಎಲ್ಲೆಡೆ ಜಗಳಕ್ಕೆ ದಾರಿಯಾಯಿತು. ಪುಣೆಯಲ್ಲಿ ಆ ಸಿಟ್ಟು ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಕೊಲೆಯವರೆಗೆ ಹೋಯಿತು.

ಇಷ್ಟು ಕಾದರೂ 1898ರ ಆಗಸ್ಟ್‌ನಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯ ರೈಲಿನಲ್ಲೇ ಬೆಂಗಳೂರಿಗೆ ಬಂದಿಳಿಯಿತು. ಕಾವಲುಗಾರರು ನೋಡುತ್ತಿದ್ದದ್ದು ಮನುಷ್ಯರನ್ನು. ಇಲಿ ಮತ್ತು ಅದರ ಚಿಗಟಕ್ಕೆ ದವಸದ ಮೂಟೆ ಸಾಕಿತ್ತು. ಬೆಂಗಳೂರಿಗೆ ರೋಗ ಬರುವ ಎರಡು ತಿಂಗಳು ಮೊದಲಷ್ಟೇ, ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಚಿಗಟವೇ ರೋಗ ದಾಟಿಸುತ್ತದೆಂದು ಪ್ರಯೋಗ ಮಾಡಿ ತೋರಿಸಿದ್ದ. ವರ್ಷಗಟ್ಟಲೆ ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ‘ಇಲಿ ಬಿದ್ದವು’ ಎಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕೆಂಬ ತಿಳಿವಳಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿ ಬೇರೂರಿತು. ಕಾಗದಪತ್ರದ ಆಡಳಿತಕ್ಕಿಂತ ಅದು ಹೆಚ್ಚು ಜೀವ ಉಳಿಸಿರಬೇಕೆಂದು ನನ್ನ ಅನುಮಾನ.

ಬೆಂಗಳೂರಿನ ಅಕ್ಕಿಪೇಟೆ, ತರಗುಪೇಟೆಗಳ ದವಸದ ಮಂಡಿಗಳಲ್ಲಿ ಇಲಿಗೇನು ಬರ? ಗಾಳಿಬೆಳಕಿಲ್ಲದ ಒತ್ತೊತ್ತು ಮನೆಗಳಿಗೆ ಸುಣ್ಣ ಬಳಿದರು, ಹೆಂಚು ಇಳಿಸಿ ಬಿಸಿಲು ಬಿಟ್ಟರು. ಮೈಸೂರು ಸಂಸ್ಥಾನದ ಅಧಿಕಾರಿ ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಆದರು. ಬೆಂಗಳೂರಿನ ಪ್ಲೇಗು ಶಿಬಿರದ ಹೊಣೆ ಹೊತ್ತವರಲ್ಲಿ ಡಾ. ಪಲ್ಪು ಒಬ್ಬರು. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಕೆಲಸ ಕೊಡದೆ ಕಳಿಸಿದ್ದ ವೈದ್ಯರು ಅವರು. ಮುಂದೆ 1903ರಲ್ಲಿ ನಾರಾಯಣ ಗುರುಗಳ ಹೆಸರಿನ ಎಸ್‌ಎನ್‌ಡಿಪಿ ಯೋಗಂ ಸ್ಥಾಪಿಸಿದವರಲ್ಲಿ ಪ್ರಮುಖರು. ತಮ್ಮೂರಿನಲ್ಲಿ ಬೇಡವಾದ ಕೈಗಳೇ ಇಲ್ಲಿ ರೋಗಿಗಳ ನಾಡಿ ಹಿಡಿದವು.

1891ರಲ್ಲಿ ದಂಡು (ಕಂಟೋನ್ಮೆಂಟ್) ಸೇರಿ 1.80 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1901ರ ಗಣತಿಯಲ್ಲಿ 1.59 ಲಕ್ಷಕ್ಕೆ ಕುಸಿದಿತ್ತು. ಸತ್ತವರೆಷ್ಟೋ, ಓಡಿಹೋದವರೆಷ್ಟೋ.

ಹೊಸ ಬಡಾವಣೆಗಳ ಯೋಚನೆ ಮೊದಲೇ ಇತ್ತು, ಪ್ಲೇಗು ಅದಕ್ಕೆ ಅವಸರ ತಂದಿತು. ಮಲ್ಲೇಶ್ವರ, ಬಸವನಗುಡಿಗಳಲ್ಲಿ ನೇರ ರಸ್ತೆ, ಅಗಲ ನಿವೇಶನ, ಮನೆಯ ಸುತ್ತ ಖಾಲಿ ಜಾಗ, ಹಿಂದೆ ಈ ಗಲ್ಲಿ. ದಂಡಿನ ಕಡೆ 1910ರ ಹೊತ್ತಿಗೆ ಫ್ರೇಜರ್ ಟೌನ್ ಎದ್ದಿತು, ಇಲಿ ಬಿಲ ತೋಡದಂಥ ಮನೆಗಳೆಂಬ ಹೆಮ್ಮೆಯೊಂದಿಗೆ.

ಗಲ್ಲಿ ಇದ್ದದ್ದು ಜಾಡಮಾಲಿಗಳಿಗೆ. ಹಿತ್ತಿಲ ಕೊನೆಯ ಕಕ್ಕಸಿನಿಂದ ಮಲ ಬಾಚಿ ಹೊತ್ತೊಯ್ಯುವವರು ಇಲ್ಲೇ ಬಂದು ಇಲ್ಲೇ ಹೋಗಬೇಕಿತ್ತು. ನಕ್ಷೆ ಬರೆದವರು ಆರೋಗ್ಯವನ್ನೂ ಮಡಿಯನ್ನೂ ಒಂದೇ ಗೆರೆಯಲ್ಲಿ ಸಾಧಿಸಿಕೊಂಡರು. ಬಡಾವಣೆಯ ಚೆಲುವನ್ನು ಹೊಗಳುವಾಗ ಈ ಮಾತು ಬಿಟ್ಟುಹೋಗುತ್ತದೆ. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಲು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರೇ ಬರಬೇಕಾಯಿತು.

ಒಳಚರಂಡಿ ಬಂದ ಮೇಲೆ ಗಲ್ಲಿಗಳು ಕೆಲಸವಿಲ್ಲದೆ ಬಿದ್ದವು. ಕೆಲವನ್ನು ಅಕ್ಕಪಕ್ಕದವರು ಒತ್ತುವರಿ ಮಾಡಿಕೊಂಡರು, ಕೆಲವು ಕಸದ ತಿಪ್ಪೆಯಾದವು. ಮಲ್ಲೇಶ್ವರದ ಕೆಲವನ್ನು ಈಚೆಗೆ ಗುಡಿಸಿ, ಗೋಡೆಗೆ ಬಣ್ಣ ಬಳಿದು, ನಡೆದಾಡುವ ದಾರಿ ಮಾಡಿದ್ದಾರೆ.